ಒಂದು ಹನಿ ರಕ್ತದ ಲೆಕ್ಕ

ಈ ವರ್ಷದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರು ಪತ್ರ ಬರೆದಾಗ, ನನ್ನ ಸಂಶೋಧನಾ ಜೀವನವನ್ನೇ ವಿಷಯವಾಗಿ ಇಟ್ಟುಕೊಳ್ಳಬೇಕೆಂದೂ ಅವರೇ ಸೂಚಿಸಿದ್ದರು. ಹಳೆಯ ವಿದ್ಯಾರ್ಥಿಗಳು ಇಂಥ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ತಮ್ಮ ಗುರುಗಳನ್ನೂ ಪ್ರಸಾದ ನಿಲಯದ ದಿನಗಳನ್ನೂ ನೆನೆಯುತ್ತಾರೆ. ಅದು ಉಚಿತವಾದುದೇ, ಆ ಋಣ ನನ್ನ ಮೇಲೂ ಇದೆ. ಆದರೆ 1979ರಿಂದ 2016ರವರೆಗಿನ ನನ್ನ ವೃತ್ತಿಜೀವನವೆಲ್ಲ ಒಂದೇ ಒಂದು ಪ್ರಶ್ನೆಯ ಹಿಂದೆ ಸವೆದುಹೋದುದರಿಂದ, ಆ ಪ್ರಶ್ನೆಯನ್ನೇ ವಾಚಕರ ಮುಂದಿಡುವುದು ಮೇಲೆಂದು ತೋರಿತು. ಒಂದು ಹನಿ ರಕ್ತದಲ್ಲಿ ಸಕ್ಕರೆ ಎಷ್ಟಿದೆ? ಕೇಳುವುದಕ್ಕೆ ಇಷ್ಟೇ. ಇಂದು ಔಷಧದ ಅಂಗಡಿಯಲ್ಲಿ ಕೊಂಡ ಪುಟ್ಟ ಯಂತ್ರವೊಂದು ಐದಾರು ಕ್ಷಣಗಳಲ್ಲಿ ಇದಕ್ಕೆ ಉತ್ತರವನ್ನು ಹೇಳಿಬಿಡುತ್ತದೆ. ಆ ಉತ್ತರ ನಿಜವೇ, ಯಾರಿಗೆ ನಿಜ ಎಂಬುದೇ ನನ್ನ ಕಥೆ.

ರಕ್ತದಲ್ಲಿ ನೂರಾರು ಬಗೆಯ ವಸ್ತುಗಳು ಬೆರೆತಿರುತ್ತವೆ. ಅವುಗಳ ನಡುವೆ ಗ್ಲೂಕೋಸನ್ನು ಮಾತ್ರ ಗುರುತಿಸುವುದು ರಸಾಯನ ಶಾಸ್ತ್ರಜ್ಞನಿಗೆ ಸುಲಭದ ಕೆಲಸವಲ್ಲ. ಆದರೆ ಜೀವಿಗಳಲ್ಲಿರುವ ಕಿಣ್ವಗಳಿಗೆ ಅದು ಸಹಜವಾದ ವಿದ್ಯೆ. ಜಾತ್ರೆಯ ಗದ್ದಲದಲ್ಲಿ ತಾಯಿಯು ತನ್ನ ಕೂಸಿನ ಅಳುವನ್ನಷ್ಟೇ ಗುರುತಿಸುವಂತೆ, ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಆ ಸಂದಣಿಯಲ್ಲಿ ಗ್ಲೂಕೋಸನ್ನೇ ಹುಡುಕಿ ಹಿಡಿಯುತ್ತದೆ. ಹೀಗೆ ಗುರುತಿಸುವ ಜೈವಿಕ ವಸ್ತುವೊಂದನ್ನೂ, ಆ ಗುರುತನ್ನು ವಿದ್ಯುತ್ತಿನ ಸಂಕೇತವನ್ನಾಗಿ ಮಾರ್ಪಡಿಸುವ ಸಾಧನವೊಂದನ್ನೂ ಕೂಡಿಸಿದರೆ ಅದೇ ಜೈವಿಕ ಸಂವೇದಕ, ಬಯೋಸೆನ್ಸರ್.

ಈ ಎರಡನ್ನು ಮೊದಲು ಕೂಡಿಸಿದವರು ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್. 1918ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರಿನಲ್ಲಿ ಹುಟ್ಟಿದ ಈ ಮಹನೀಯರ ಕಥೆಯನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಹೇಳುತ್ತಿದ್ದೆ. ಇಲ್ಲಿಯೂ ಹೇಳದೆ ಬಿಡಲಾರೆ. ಹೃದಯದ ಶಸ್ತ್ರಚಿಕಿತ್ಸೆ ನಡೆಯುವಾಗ ರೋಗಿಯ ರಕ್ತಕ್ಕೆ ದೇಹದ ಹೊರಗೇ ಆಮ್ಲಜನಕವನ್ನು ಬೆರೆಸಿ ಹಿಂದಕ್ಕೆ ಕಳುಹಿಸುವ ಯಂತ್ರವೊಂದನ್ನು ಅವರು ರಚಿಸಿದ್ದರು. ಅದರ ವಿವರವನ್ನು ಬರೆದು ಪತ್ರಿಕೆಯೊಂದಕ್ಕೆ ಕಳುಹಿಸಿದಾಗ ಸಂಪಾದಕರು ಲೇಖನವನ್ನು ತಿರಸ್ಕರಿಸಿದರು. ಕಾರಣವೇನೆಂದರೆ, ಯಂತ್ರದಿಂದ ಹೊರಬರುವ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದನ್ನು ಅಳೆದು ತೋರಿಸಿರಲಿಲ್ಲ. ತೋರಿಸುವುದಾದರೂ ಹೇಗೆ? ಅಳೆಯುವ ಉಪಕರಣವೇ ಆಗ ಇರಲಿಲ್ಲ. ಬೇರೆಯವರಾಗಿದ್ದರೆ ಸಂಪಾದಕರನ್ನು ನಾಲ್ಕು ಮಾತು ಅಂದು ಸುಮ್ಮನಾಗುತ್ತಿದ್ದರೇನೋ. ಕ್ಲಾರ್ಕ್ ಅವರು ಆ ಉಪಕರಣವನ್ನೇ ಮಾಡಲು ಕುಳಿತರು.

ಪ್ಲಾಟಿನಮ್ ತಂತಿಯ ತುದಿಯಲ್ಲಿ ಆಮ್ಲಜನಕವು ವಿದ್ಯುತ್ ಪ್ರವಾಹವನ್ನು ಉಂಟುಮಾಡುವುದೆಂಬುದು ಆಗಲೇ ತಿಳಿದಿದ್ದ ಸಂಗತಿ. ಆದರೆ ಆ ತಂತಿಯನ್ನು ರಕ್ತದಲ್ಲಿ ಅದ್ದಿದರೆ ರಕ್ತದ ಪ್ರೋಟೀನುಗಳು ಅದಕ್ಕೆ ಮೆತ್ತಿಕೊಂಡು ಕೆಡಿಸಿಬಿಡುತ್ತಿದ್ದವು. ತಂತಿಯನ್ನೂ ಅದರ ಜೊತೆಯ ಇನ್ನೊಂದು ವಿದ್ಯುದಗ್ರವನ್ನೂ ಒಟ್ಟಿಗೆ ತೆಳುವಾದ ಪಾಲಿಥೀನ್ ಪೊರೆಯ ಹಿಂದೆ ಮುಚ್ಚಿಟ್ಟದ್ದೇ ಕ್ಲಾರ್ಕ್ ಅವರ ಉಪಾಯ. ಪೊರೆಯನ್ನು ದಾಟಿ ಆಮ್ಲಜನಕ ಒಳಗೆ ಬರುತ್ತದೆ, ಪ್ರೋಟೀನು ಬರಲಾರದು. 1956ರಲ್ಲಿ ಪ್ರಕಟವಾದ ಈ ವಿದ್ಯುದಗ್ರವು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1962ರಲ್ಲಿ ಅವರು ಚಾಂಪ್ ಲಯನ್ಸ್ ಎಂಬವರೊಡಗೂಡಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪೊರೆಗಳ ನಡುವೆ ಗ್ಲೂಕೋಸ್ ಆಕ್ಸಿಡೇಸನ್ನು ಇಟ್ಟರೆ, ಆ ಕಿಣ್ವವು ಗ್ಲೂಕೋಸನ್ನು ಮಾರ್ಪಡಿಸುವಾಗ ಆಮ್ಲಜನಕವನ್ನು ಬಳಸಿಕೊಂಡು ಹೈಡ್ರೋಜನ್ ಪೆರಾಕ್ಸೈಡನ್ನು ಹೊರಗೆಡಹುತ್ತದೆ. ಆದುದರಿಂದ ಆಮ್ಲಜನಕ ಎಷ್ಟು ಕಡಿಮೆಯಾಯಿತು ಅಥವಾ ಪೆರಾಕ್ಸೈಡ್ ಎಷ್ಟು ಹುಟ್ಟಿತು ಎಂಬುದನ್ನು ಅಳೆದರೆ ಸಕ್ಕರೆಯನ್ನು ಅಳೆದಂತೆಯೇ. ಈ ತತ್ತ್ವದ ಮೇಲೆ ಮೊದಲ ಯಂತ್ರವು ಮಾರುಕಟ್ಟೆಗೆ ಬಂದುದು 1975ರಲ್ಲಿ, ಒಹಾಯೋದ ಯೆಲ್ಲೋ ಸ್ಪ್ರಿಂಗ್ಸ್ ಎಂಬ ಊರಿನಿಂದ. ಕ್ಲಾರ್ಕ್ ಅವರು 2005ರಲ್ಲಿ ತೀರಿಕೊಂಡರು.

ನಾನು ಧಾರವಾಡದಲ್ಲಿ ಜೀವರಸಾಯನದ ಎಂ.ಎಸ್‌ಸಿ. ಮುಗಿಸಿ ಬೆಂಗಳೂರಿನ ಸಂಶೋಧನಾ ಕೇಂದ್ರವೊಂದನ್ನು 1979ರಲ್ಲಿ ಸೇರಿದಾಗ, ನನ್ನ ಪಾಲಿಗೆ ಬಂದ ಮೊದಲ ಕೆಲಸ ಇಂಥ ವಿದ್ಯುದಗ್ರವನ್ನು ಕೈಯಿಂದಲೇ ಕಟ್ಟುವುದು. ಗಾಜಿನ ಕೊಳವೆಯೊಳಗೆ ಪ್ಲಾಟಿನಮ್ ತಂತಿಯನ್ನು ಕರಗಿಸಿ ಕೂಡಿಸಬೇಕು, ತುದಿಯನ್ನು ಅರಳೆಣ್ಣೆಯ ಹೊಳಪು ಬರುವವರೆಗೆ ಉಜ್ಜಬೇಕು, ಕಿಣ್ವವನ್ನು ಆಲ್ಬುಮಿನ್ನಿನೊಂದಿಗೆ ಬೆರೆಸಿ ಗ್ಲುಟರಾಲ್ಡಿಹೈಡ್ ಹಾಕಿ ಗಟ್ಟಿಗೊಳಿಸಬೇಕು, ಪೊರೆಯನ್ನು ಸುಕ್ಕು ಬಾರದಂತೆ ಎಳೆದು ರಬ್ಬರಿನ ಉಂಗುರದಿಂದ ಬಿಗಿಯಬೇಕು. ಹತ್ತು ಕಟ್ಟಿದರೆ ಮೂರು ಕೆಲಸಕ್ಕೆ ಬರುತ್ತಿದ್ದವು. ವಿದೇಶದಿಂದ ಮಂಜುಗಡ್ಡೆಯಲ್ಲಿಟ್ಟು ಬರುತ್ತಿದ್ದ ಕಿಣ್ವವು ವಿದ್ಯುತ್ತು ಹೋದ ರಾತ್ರಿಗಳಲ್ಲಿ ಕೆಡದಿರಲೆಂದು ನಾವು ಸಂಶೋಧಕರು ಪಾಳಿಯ ಮೇಲೆ ಕಾವಲಿದ್ದುದೂ ಉಂಟು. ನಮ್ಮ ಈ ಸಾಹಸವೆಲ್ಲ ನಡೆಯುತ್ತಿರುವಾಗಲೇ, 1984ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕ್ರ್ಯಾನ್‌ಫೀಲ್ಡಿನ ವಿಜ್ಞಾನಿಗಳು ಆಮ್ಲಜನಕದ ಹಂಗನ್ನೇ ತೊರೆದು, ಕಿಣ್ವದಿಂದ ವಿದ್ಯುದಗ್ರಕ್ಕೆ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯುವ ಫೆರೋಸೀನ್ ಎಂಬ ಮಧ್ಯವರ್ತಿಯನ್ನು ನೇಮಿಸಿದರು. ಮೂರೇ ವರ್ಷಗಳಲ್ಲಿ ಲೇಖನಿಯ ಆಕಾರದ ಸಕ್ಕರೆ ಮಾಪಕವು ರೋಗಿಗಳ ಜೇಬನ್ನು ಸೇರಿತು. ನಮ್ಮ ಕೊಳವೆಗಳನ್ನು ನಾವು ಕಪಾಟಿನಲ್ಲಿಟ್ಟೆವು. ವಿಜ್ಞಾನದಲ್ಲಿ ಇಂಥದು ನಡೆಯುತ್ತಲೇ ಇರುತ್ತದೆ. ಅದಕ್ಕಾಗಿ ಯಾರೂ ಅಳುವುದಿಲ್ಲ.

ಮುಂದೆ ನನ್ನನ್ನು ಸೆಳೆದುದು ಮೈಕ್ರೋಫ್ಲೂಯಿಡಿಕ್ಸ್, ಎಂದರೆ ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳಲ್ಲಿ ದ್ರವಗಳನ್ನು ಹರಿಸುವ ಶಾಸ್ತ್ರ. ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಟೆರಿ ಎಂಬವರು ಅನಿಲಗಳನ್ನು ಬೇರ್ಪಡಿಸುವ ಇಡೀ ಉಪಕರಣವನ್ನು ಸಿಲಿಕಾನಿನ ಬಿಲ್ಲೆಯೊಂದರ ಮೇಲೆ ಕೊರೆದು ತೋರಿಸಿದ್ದು 1979ರಲ್ಲಿಯೇ. ಪ್ರಯೋಗಶಾಲೆಯನ್ನೇ ಬಿಲ್ಲೆಯ ಮೇಲೆ ಇಳಿಸಬಹುದೆಂಬ ಕಲ್ಪನೆಗೆ 1990ರಲ್ಲಿ ಆಂಡ್ರಿಯಾಸ್ ಮಾಂಟ್ಸ್ ಮತ್ತು ಅವರ ಸಂಗಡಿಗರು ಸ್ಪಷ್ಟವಾದ ರೂಪವನ್ನು ಕೊಟ್ಟರು. ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡವು 1998ರಲ್ಲಿ ಸಿಲಿಕೋನ್ ರಬ್ಬರನ್ನು ಅಚ್ಚಿನ ಮೇಲೆ ಸುರಿದು ಒಂದೇ ದಿನದಲ್ಲಿ ಇಂಥ ಕಾಲುವೆಗಳನ್ನು ಮಾಡುವ ವಿಧಾನವನ್ನು ಪ್ರಕಟಿಸಿದ ಮೇಲೆ, ಕೋಟ್ಯಂತರ ರೂಪಾಯಿಗಳ ಯಂತ್ರಾಗಾರವಿಲ್ಲದ ನಮ್ಮಂಥವರಿಗೂ ಈ ಕ್ಷೇತ್ರದ ಬಾಗಿಲು ತೆರೆಯಿತು.

ಆ ಕಾಲುವೆಗಳ ಪ್ರಪಂಚ ವಿಚಿತ್ರವಾದುದು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ, ಸುಳಿ ಸುತ್ತಿ, ಒಂದೇ ಹೊಳೆಯಾಗಿ ಮುಂದೆ ಸಾಗುವುದನ್ನು ನಾವು ಕಂಡಿದ್ದೇವೆ. ಆದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಅಗಲದ ಕಾಲುವೆಯಲ್ಲಿ ಎರಡು ದ್ರವಗಳನ್ನು ಹರಿಸಿದರೆ, ಅವು ಅಕ್ಕಪಕ್ಕದಲ್ಲಿ ಗೆರೆ ಕೊರೆದಂತೆ ಸಾಗುತ್ತವೆಯೇ ಹೊರತು ಸುಳಿಯುವುದಿಲ್ಲ. ಅಲ್ಲಿ ನೀರೂ ಜೋನಿಬೆಲ್ಲದಂತೆ ನಡೆದುಕೊಳ್ಳುತ್ತದೆ. ಬೆರೆಯಬೇಕಾದರೆ ಅಣುಗಳು ತಾವಾಗಿಯೇ ಅಲೆದು ಗೆರೆಯನ್ನು ದಾಟಬೇಕು. ಆ ಅಗಲವನ್ನು ದಾಟಲು ಉಪ್ಪಿನ ಅಯಾನಿಗೆ ಮೂರು ನಾಲ್ಕು ಸೆಕೆಂಡು ಸಾಕು. ಗಾತ್ರದಲ್ಲಿ ದೊಡ್ಡದಾದ ಆಲ್ಬುಮಿನ್ನಿಗೆ ಒಂದು ನಿಮಿಷಕ್ಕಿಂತಲೂ ಹೆಚ್ಚು ಬೇಕು. ಇದನ್ನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಕಂಡ ರಾತ್ರಿ ನಾನು ಊಟವನ್ನೇ ಮರೆತಿದ್ದೆ. ಸಕ್ಕರೆ ಮಾಪಕದಲ್ಲಿ ಬಳಸುವ ಪಟ್ಟಿಯೂ ಇಂಥದೇ ಒಂದು ಸಣ್ಣ ಕಾಲುವೆ ಎಂಬುದು ಬಹುಜನರಿಗೆ ತಿಳಿಯದು. ಹಣತೆಯ ಬತ್ತಿಯು ಎಣ್ಣೆಯನ್ನು ಹೀರುವಂತೆ ಅದು ರಕ್ತವನ್ನು ತಾನೇ ಒಳಗೆಳೆದುಕೊಳ್ಳುತ್ತದೆ.

ಹೀಗೆ ತೃಪ್ತಿಯಿಂದ ಸಾಗಿದ್ದ ನನ್ನ ಬದುಕಿನೊಳಗೆ 2006ರ ಬೇಸಗೆಯಲ್ಲಿ ನನ್ನ ಅಕ್ಕನ ಸಂಗತಿ ಬಂದಿತು. ಆಕೆ ನಮ್ಮ ಹಳ್ಳಿಯಲ್ಲಿಯೇ ಒಕ್ಕಲುತನದ ಮನೆಯಲ್ಲಿ ಬಾಳಿದವಳು. ಸಕ್ಕರೆ ಕಾಯಿಲೆಗೆ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದಳು. ಮಾಪಕವೊಂದನ್ನು ನಾನೇ ಕೊಡಿಸಿದ್ದೆ. ಒಂದು ಮಧ್ಯಾಹ್ನ ಹೊಲದಲ್ಲಿ ಮೈಯೆಲ್ಲ ಬೆವತು, ಕಣ್ಣು ಕತ್ತಲೆಗೂಡಿ ಕುಸಿದಳು. ತಾಲೂಕು ಆಸ್ಪತ್ರೆಗೆ ಕರೆತಂದಾಗ ಅಲ್ಲಿನ ವೈದ್ಯರು ಆಕೆಯದೇ ಮಾಪಕದಿಂದ ಪರೀಕ್ಷಿಸಿದರು. ಅದು 76 ಎಂದು ತೋರಿಸಿತು. ಅದೇ ಕ್ಷಣದಲ್ಲಿ ರಕ್ತನಾಳದಿಂದ ತೆಗೆದ ರಕ್ತವನ್ನು ಪ್ರಯೋಗಾಲಯದಲ್ಲಿ ಅಳೆದಾಗ ಬಂದುದು 58. ನೂರು ಮಿಲಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅಪಾಯವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಪ್ರಯೋಗಾಲಯವು ಅಪಾಯವೆಂದಿತು, ಯಂತ್ರವು ಕ್ಷೇಮವೆಂದಿತು. ಆ ವೈದ್ಯರು ಯಂತ್ರವನ್ನು ಬದಿಗಿಟ್ಟು ರೋಗಿಯ ಮುಖವನ್ನು ನೋಡಿ ಗ್ಲೂಕೋಸ್ ಕೊಟ್ಟುದರಿಂದ ಅಕ್ಕ ಉಳಿದಳು. ಆಕೆಯ ಹಿಮೋಗ್ಲೋಬಿನ್ 7.5 ಮಾತ್ರವಿತ್ತು. ನಾನು ಓಡೋಡಿ ಬಂದಾಗ ಹಾಸಿಗೆಯ ಮೇಲೆ ಕುಳಿತಿದ್ದ ಅಕ್ಕ ಕೇಳಿದ್ದು ಇಷ್ಟೇ: “ತಮ್ಮಾ, ಈ ಯಂತ್ರಕ್ಕ ನನ್ನ ರಕ್ತದ ಗುರುತು ಐತೇನು?”

ಅಕ್ಕ ಶಾಲೆಯ ಮೆಟ್ಟಿಲನ್ನು ಹತ್ತಿದವಳಲ್ಲ. ಆದರೆ ನನ್ನ ಕ್ಷೇತ್ರದ ಬಗೆಗೆ ಅದಕ್ಕಿಂತ ನೇರವಾದ ಪ್ರಶ್ನೆಯನ್ನು ಯಾವ ವಿಚಾರಗೋಷ್ಠಿಯಲ್ಲಿಯೂ ನಾನು ಕೇಳಿಲ್ಲ.

ಗುರುತು ಇರಲಿಲ್ಲ. ಅದರ ಕಾರಣ ಹೀಗಿದೆ. ರಕ್ತವೆಂಬುದು ತಿಳಿಯಾದ ದ್ರವದಲ್ಲಿ ತೇಲುವ ಕೆಂಪು ಕಣಗಳ ರಾಶಿ. ಆರೋಗ್ಯವಂತರಲ್ಲಿ ಈ ಕಣಗಳು ರಕ್ತದ ಗಾತ್ರದಲ್ಲಿ ಹೆಚ್ಚುಕಡಿಮೆ ನೂರಕ್ಕೆ 40ರಷ್ಟು ಇರುತ್ತವೆ. ಪಟ್ಟಿಯ ಒಳಗೆ ಗ್ಲೂಕೋಸು ವಿದ್ಯುದಗ್ರದತ್ತ ಸಾಗುವಾಗ ಈ ಕಣಗಳು ದಾರಿಗೆ ಅಡ್ಡವಾಗುತ್ತವೆ. ಯಂತ್ರವನ್ನು ತಯಾರಿಸುವವರು ಈ ಅಡ್ಡಿಯನ್ನು ಗಣನೆಗೆ ತೆಗೆದುಕೊಂಡೇ ಅದರ ಲೆಕ್ಕವನ್ನು ಹೊಂದಿಸಿರುತ್ತಾರೆ. ಆದರೆ ರಕ್ತಹೀನತೆಯುಳ್ಳವರಲ್ಲಿ ಕಣಗಳು ಕಡಿಮೆ, ಅಡ್ಡಿಯೂ ಕಡಿಮೆ. ಗ್ಲೂಕೋಸು ಸುಲಭವಾಗಿ ಬಂದು ಮುಟ್ಟುತ್ತದೆ, ಪ್ರವಾಹ ಹೆಚ್ಚುತ್ತದೆ, ಯಂತ್ರವು ಇಲ್ಲದ ಸಕ್ಕರೆಯನ್ನು ಇದೆಯೆಂದು ಹೇಳುತ್ತದೆ. ಈ ದೋಷವು ಶಾಸ್ತ್ರಜ್ಞರಿಗೆ ತಿಳಿಯದ ಸಂಗತಿಯೇನಲ್ಲ. ಪಟ್ಟಿಯ ಜೊತೆಗೆ ಬರುವ ಕಾಗದದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿಯೂ ಇರುತ್ತದೆ. ಅದನ್ನು ಓದುವವರು ಯಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಮಧುಮೇಹಿಗಳ ಸಂಖ್ಯೆಯು 10 ಕೋಟಿಯನ್ನು ದಾಟಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನವು 2023ರಲ್ಲಿ ತಿಳಿಸಿತು. ಈ ಎರಡು ಗುಂಪುಗಳೂ ಕೂಡುವ ಕಡೆಯಲ್ಲಿ ನನ್ನ ಅಕ್ಕನಂಥವರು ಎಷ್ಟು ಮಂದಿ ಇದ್ದಾರೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ತಪ್ಪು ಅಂಕಿಯು ಬರಿಯ ಅಂಕಿಯಲ್ಲ. ಕೆಲವು ಬಗೆಯ ಪಟ್ಟಿಗಳಲ್ಲಿದ್ದ ಕಿಣ್ವವು ಗ್ಲೂಕೋಸಿನ ಜೊತೆಗೆ ಮಾಲ್ಟೋಸನ್ನೂ ಸಕ್ಕರೆಯೆಂದೇ ಎಣಿಸುತ್ತಿತ್ತು. ಮೂತ್ರಪಿಂಡದ ರೋಗಿಗಳಿಗೆ ಕೊಡುವ ಒಂದು ದ್ರಾವಣದಿಂದ ದೇಹದಲ್ಲಿ ಮಾಲ್ಟೋಸು ಹುಟ್ಟುತ್ತದೆ. ಯಂತ್ರವು ತೋರಿಸಿದ ಹೆಚ್ಚಿನ ಅಂಕಿಯನ್ನು ನಂಬಿ ಇನ್ಸುಲಿನ್ ಕೊಟ್ಟುದರಿಂದ ಸಂಭವಿಸಿದ 13 ಮರಣಗಳ ವರದಿಗಳು ತನಗೆ ಬಂದಿವೆಯೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2009ರಲ್ಲಿ ಎಚ್ಚರಿಕೆ ಹೊರಡಿಸಿತು. ತಾಯಿಯು ಗುರುತಿಸಿದ್ದು ತನ್ನ ಕೂಸಿನ ಅಳುವನ್ನಲ್ಲ, ನೆರೆಮನೆಯ ಕೂಸಿನದನ್ನು ಎಂದಂತಾಯಿತು.

ಅಲ್ಲಿಂದ ಮುಂದಿನ ಹತ್ತು ವರ್ಷಗಳ ಕೆಲಸಕ್ಕೆ ಅಕ್ಕನ ಪ್ರಶ್ನೆಯೇ ವಿಷಯವಾಯಿತು. ಕೆಂಪು ಕಣಗಳ ಪೊರೆಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ಉಪ್ಪುಳ್ಳ ತಿಳಿದ್ರವದಲ್ಲಿ ಹರಿಯುತ್ತದೆ. ಆದುದರಿಂದ ಪಟ್ಟಿಯ ಕಾಲುವೆಯಲ್ಲಿಯೇ ಇನ್ನೊಂದು ಜೊತೆ ವಿದ್ಯುದಗ್ರಗಳನ್ನಿಟ್ಟು, ಪರ್ಯಾಯ ಪ್ರವಾಹವನ್ನು ಹಾಯಿಸಿ ರಕ್ತದ ತಡೆಯನ್ನು ಅಳೆದರೆ ಕಣಗಳ ಪ್ರಮಾಣ ತಿಳಿಯುತ್ತದೆ. ಅದರಂತೆ ಸಕ್ಕರೆಯ ಅಂಕಿಯನ್ನು ತಿದ್ದಬಹುದು. ಈ ಉಪಾಯ ನಮ್ಮದೊಂದೇ ಅಲ್ಲ, ಹೊರದೇಶಗಳ ತಯಾರಕರೂ ಇದನ್ನು ಅಳವಡಿಸಿಕೊಂಡರು. ಆದರೆ ಇಲ್ಲಿಯೂ ಒಂದು ತೊಡಕಿತ್ತು. ದ್ರವದ ಉಷ್ಣತೆಯು ಒಂದು ಡಿಗ್ರಿ ಏರಿದರೆ ಅದರ ವಿದ್ಯುದ್ವಾಹಕತೆಯು ನೂರಕ್ಕೆ ಸುಮಾರು ಎರಡರಷ್ಟು ಏರುತ್ತದೆ. 25 ಡಿಗ್ರಿಯ ತಂಪು ಕೋಣೆಯಲ್ಲಿ ಹೊಂದಿಸಿದ ತಿದ್ದುಪಡಿಯು ನಮ್ಮ ಕಡೆಯ ಏಪ್ರಿಲ್ ತಿಂಗಳಿನಲ್ಲಿ, ತಗಡಿನ ಮಾಡಿನ ಕೆಳಗೆ, ತಾನೇ ತಪ್ಪಾಗಿಬಿಡುತ್ತದೆ.

ಇದನ್ನು ನೋಡಲೆಂದೇ ನಾವು ಉಪಕರಣದ ಮಾದರಿಯನ್ನು ಎರಡು ಹಳ್ಳಿಗಳಿಗೆ ಒಯ್ದೆವು. ಪ್ರಾಥಮಿಕ ಆರೋಗ್ಯ ಕೇಂದ್ರದ ಜಗುಲಿಯೇ ನಮ್ಮ ಪ್ರಯೋಗಶಾಲೆ. ಪ್ರತಿಯೊಬ್ಬರ ರಕ್ತವನ್ನೂ ಪಟ್ಟಿಯಿಂದ ಒಮ್ಮೆ, ಪ್ರಯೋಗಾಲಯದಲ್ಲಿ ಒಮ್ಮೆ ಅಳೆದು ಎದುರೆದುರು ಬರೆದೆವು. ಗಂಡಸರಲ್ಲಿ ಎರಡು ಅಂಕಿಗಳೂ ಚೆನ್ನಾಗಿ ಹೊಂದಿಕೊಂಡವು. ಬಾಣಂತಿಯರಲ್ಲಿಯೂ ಕೂಲಿಗೆ ಹೋಗುವ ಹೆಂಗಸರಲ್ಲಿಯೂ, ಬಿಸಿಲೇರಿದ ಹೊತ್ತಿನಲ್ಲಿ, ಹೊಂದಲಿಲ್ಲ. ಅಂತರರಾಷ್ಟ್ರೀಯ ಮಾನಕವೊಂದು 2013ರಿಂದ ಜಾರಿಯಲ್ಲಿದೆ. 100 ಮಿಲಿಗ್ರಾಮಿಗಿಂತ ಕೆಳಗಿನ ಅಳತೆಗಳಲ್ಲಿ ವ್ಯತ್ಯಾಸವು 15 ಮಿಲಿಗ್ರಾಮನ್ನು, ಮೇಲಿನವುಗಳಲ್ಲಿ ನೂರಕ್ಕೆ 15ನ್ನು ಮೀರಬಾರದು. ನೂರರಲ್ಲಿ 95 ಅಳತೆಗಳಾದರೂ ಈ ಮಿತಿಯೊಳಗಿರಬೇಕು. ಎಲ್ಲರನ್ನೂ ಒಟ್ಟುಗೂಡಿಸಿದರೆ ನಮ್ಮ ಉಪಕರಣವು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿತ್ತು. ರಕ್ತಹೀನತೆಯುಳ್ಳ ಹೆಂಗಸರನ್ನು ಮಾತ್ರ ಬೇರೆಯಾಗಿ ತೆಗೆದು ನೋಡಿದರೆ ಆಗುತ್ತಿರಲಿಲ್ಲ.

ಯೋಜನೆಗೆ ಹಣ ಕೊಟ್ಟವರಿಗೆ ಒಟ್ಟು ಅಂಕಿಯೇ ಸಾಕಾಗಿತ್ತು. ಉಪಕರಣವನ್ನು ಬೇಗನೆ ಹೊರಗೆ ತರಬೇಕೆಂಬ ಆತುರ ಅವರದು; ಅವರ ಹೆಸರು ಇಲ್ಲಿ ಬೇಡ. ನಾನು ಒಪ್ಪಲಿಲ್ಲ. ಆ ದಿನಗಳಲ್ಲಿ ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ಆಗಾಗ ಕಣ್ಣೆದುರಿಗೆ ಬರುತ್ತಿದ್ದರು. ಶಾಲೆಯಲ್ಲಿದ್ದುದು ಒಂದೇ ಸೂಕ್ಷ್ಮ ತಕ್ಕಡಿ. ಒಂದೇ ಹಿತ್ತಾಳೆಯ ಬೊಟ್ಟನ್ನು ನಮ್ಮೆಲ್ಲರಿಂದಲೂ ತೂಗಿಸಿ, ಪ್ರತಿಯೊಬ್ಬನ ಅಂಕಿಯನ್ನೂ ಹಲಗೆಯ ಮೇಲೆ ಬರೆಸುತ್ತಿದ್ದರು. ಹುಡುಗರು ಸರಾಸರಿಯನ್ನು ತೆಗೆಯಲು ಅವಸರಪಟ್ಟರೆ, “ಸರಾಸರಿ ಆಮ್ಯಾಲೆ. ಎಲ್ಲರಿಗಿಂತ ದೂರ ನಿಂತಾನಲ್ಲ, ಅವನು ಯಾಕ ದೂರ ನಿಂತಾನ, ಮೊದಲ ಅದನ್ನ ಕೇಳ್ರಿ” ಎನ್ನುತ್ತಿದ್ದರು. ನಾವು ಉಷ್ಣತೆಯನ್ನು ಅಳೆಯುವ ಮೂರನೆಯ ಸಂವೇದಕವೊಂದನ್ನು ಪಟ್ಟಿಯ ಬುಡದಲ್ಲಿ ಸೇರಿಸಿ, ಲೆಕ್ಕವನ್ನು ಹೊಸದಾಗಿ ಕಟ್ಟಲು ಎರಡು ವರ್ಷಗಳು ಹಿಡಿದವು. ಅಷ್ಟರಲ್ಲಿ ಹಣದ ಅವಧಿ ಮುಗಿಯಿತು. ಅಂಗಡಿಯಲ್ಲಿ ನನ್ನ ಹೆಸರಿನ ಯಂತ್ರವಿಲ್ಲ. ವಿಧಾನವೂ ಅಂಕಿಗಳೂ ಯಾರು ಬೇಕಾದರೂ ಬಳಸುವಂತೆ ಪ್ರಕಟವಾಗಿವೆ.

ಇದೇ ಕ್ಷೇತ್ರದಲ್ಲಿ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದವರನ್ನೂ ಜಗತ್ತು ಕಂಡಿದೆ. ಬೆರಳಿನ ಹನಿಯಿಂದಲೇ ನೂರಾರು ಪರೀಕ್ಷೆಗಳನ್ನು ಮಾಡುವೆವೆಂದು ಸಾರಿದ ಅಮೆರಿಕದ ಥೆರನೋಸ್ ಸಂಸ್ಥೆಯು 2018ರಲ್ಲಿ ಮುಚ್ಚಿತು. ಅದರ ಸ್ಥಾಪಕಿ ಎಲಿಜಬೆತ್ ಹೋಮ್ಸ್ ಹೂಡಿಕೆದಾರರಿಗೆ ವಂಚಿಸಿದ ಅಪರಾಧಿಯೆಂದು 2022ರಲ್ಲಿ ತೀರ್ಪಾಯಿತು. ಅದರ ಬಗೆಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ವೈಟ್‌ಸೈಡ್ಸ್ ಅವರ ದಾರಿ ನನಗೆ ಹೆಚ್ಚು ಮೆಚ್ಚಿಕೆ. ರಬ್ಬರಿನ ಕಾಲುವೆಗಳಿಂದ ಕೀರ್ತಿಯನ್ನು ಪಡೆದ ಅವರು, 2007ರಲ್ಲಿ ತಮ್ಮ ಸಂಗಡಿಗರೊಡನೆ ಕಾಗದದ ತುಂಡಿನ ಮೇಲೆ ನೀರು ದಾಟದ ಗೋಡೆಗಳನ್ನು ಮೂಡಿಸಿ, ಮೂತ್ರದಲ್ಲಿನ ಗ್ಲೂಕೋಸನ್ನೂ ಪ್ರೋಟೀನನ್ನೂ ಬಣ್ಣದಿಂದ ತೋರಿಸುವ ಪರೀಕ್ಷೆಯನ್ನು ಪ್ರಕಟಿಸಿದರು. ಪಂಪಿಲ್ಲ, ವಿದ್ಯುತ್ತಿಲ್ಲ.

ನಮ್ಮ ನಾಡಿನಲ್ಲಿಯೂ ಈ ಕೆಲಸ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ನವಕಾಂತ ಭಟ್ಟರು ಜೈವಿಕ ಸಂವೇದಕಗಳ ಮತ್ತು ಅನಿಲ ಸಂವೇದಕಗಳ ಸಂಶೋಧನೆಗಾಗಿ 2018ರ ಇನ್ಫೋಸಿಸ್ ಪ್ರಶಸ್ತಿಯನ್ನು ಪಡೆದರು. ಅವರ ತಂಡದಿಂದ ಹೊರಬಂದ ಉಪಕರಣವು ಗ್ಲೂಕೋಸಿನ ಜೊತೆಗೆ ಹಿಮೋಗ್ಲೋಬಿನ್ನನ್ನೂ ಮೂತ್ರದ ಆಲ್ಬುಮಿನ್ನನ್ನೂ ಅಳೆಯುತ್ತದೆ. ಸಕ್ಕರೆಯನ್ನು ಅಳೆಯುವ ಕೈಯೇ ರಕ್ತಹೀನತೆಯನ್ನೂ ಅಳೆಯಬೇಕೆಂಬುದು ನನ್ನ ಪಾಲಿಗೆ ಎಷ್ಟು ಸಮಾಧಾನದ ಸಂಗತಿಯೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಭಟ್ಟರು 1989ರಲ್ಲಿ ಇಂಜಿನಿಯರಿಂಗ್ ಪದವಿಯನ್ನು ಪಡೆದುದು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಕಾಲೇಜಿನಲ್ಲಿ, ಎಂದರೆ ಸುತ್ತೂರು ಶ್ರೀಮಠದ ಮಹಾವಿದ್ಯಾಪೀಠವು ನಡೆಸಿಕೊಂಡು ಬಂದ ಕಾಲೇಜಿನಲ್ಲಿ, ಎಂಬುದನ್ನು ಈ ಸಂಚಿಕೆಯ ವಾಚಕರು ಸಂತೋಷದಿಂದ ಗಮನಿಸುವರೆಂದು ನಂಬಿದ್ದೇನೆ.

ದಾನಿಗಳಲ್ಲಿ ಒಂದು ವಿಜ್ಞಾಪನೆಯುಂಟು. ಶಾಲೆಗೆ ಕಟ್ಟಡಗಳು ಬಂದಿವೆ, ಅಮೃತಶಿಲೆಯ ಫಲಕಗಳೂ ಬಂದಿವೆ. ಕಳೆದ ಸಲ ಬಂದಾಗ ಪ್ರಯೋಗಶಾಲೆಯ ಬೀರುವಿಗೆ ಬೀಗ ಹಾಕಿದ್ದನ್ನು ಕಂಡೆ, ಒಡೆದೀತೆಂಬ ಭಯವಂತೆ. ಒಡೆಯಲಿ. ಒಡೆದುದನ್ನು ಪ್ರತಿವರ್ಷ ಹೊಸದಾಗಿ ಕೊಳ್ಳುವುದಕ್ಕಾಗಿಯೇ ಒಂದು ಸಣ್ಣ ನಿಧಿಯನ್ನು ಯಾರಾದರೂ ಇಟ್ಟರೆ, ನನ್ನ ಪಾಲನ್ನು ನಾನು ಮೊದಲು ಕೊಡುತ್ತೇನೆ.

ಅಕ್ಕನಿಗೆ ಈಗ ವಯಸ್ಸಾಗಿದೆ. ಕಬ್ಬಿಣದ ಮಾತ್ರೆಗಳಿಂದ ಹಿಮೋಗ್ಲೋಬಿನ್ 11ಕ್ಕೆ ಏರಿದೆ. ಹಳೆಯ ಮಾಪಕವನ್ನು ಆಕೆ ಎಸೆದಿಲ್ಲ, ಹೊಸದರ ಪಕ್ಕದಲ್ಲಿಯೇ ಗೂಡಿನಲ್ಲಿಟ್ಟಿದ್ದಾಳೆ. ತಿಂಗಳಿಗೊಮ್ಮೆ ಎರಡರಲ್ಲಿಯೂ ಪರೀಕ್ಷೆ ಮಾಡಿಸಿಕೊಂಡು, ಮೊಮ್ಮಗಳ ಕೈಯಿಂದ ಎರಡು ಅಂಕಿಗಳನ್ನೂ ಕ್ಯಾಲೆಂಡರಿನ ಮೇಲೆ ಬರೆಸುತ್ತಾಳೆ.